ಬಿಟ್‌ಎಕ್ಸ್ ಕಿಟ್: ಚೆನ್ನಾಗಿ ಕೇಳ್ತದೆ, ಮಾತು ಮಾತ್ರ ಹೊರಗೆ ಹೋಗುದಿಲ್ಲ

ಕಟಪಾಡಿ ವೈಂಡಿಂಗ್

ಎಲ್ಲರಿಗೂ ನಮಸ್ಕಾರ. ಕಟಪಾಡಿಯಲ್ಲಿ ನಂದು ಮೋಟರ್ ವೈಂಡಿಂಗ್ ಅಂಗಡಿ. ಪಂಪು, ಮಿಕ್ಸಿ, ಗ್ರೈಂಡರು, ಸುಟ್ಟು ಬಂದದ್ದನ್ನು ಬಿಚ್ಚಿ ಸುತ್ತಿ ಕೊಡುದು ಇಪ್ಪತ್ತೆರಡು ವರ್ಷದಿಂದ ನನ್ನ ಕೆಲಸ. ಹ್ಯಾಮ್ ರೇಡಿಯೊದ (ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುದು) ರೆಸ್ಟ್ರಿಕ್ಟೆಡ್ ಗ್ರೇಡ್ ಲೈಸೆನ್ಸ್ ಕೈಗೆ ಬಂದು ಒಂದು ವರ್ಷ ಆಗ್ತಾ ಬಂತು. ಇನ್ನೂ ನನ್ನ ಸ್ವಂತ ಸೆಟ್ಟಿನಿಂದ ಒಂದು ಮಾತು ಹೊರಗೆ ಹೋಗ್ಲಿಲ್ಲ. ಅದಕ್ಕೇ ಇಲ್ಲಿ ಬರೀತಾ ಇದ್ದೇನೆ. ಸ್ವಲ್ಪ ಉದ್ದ ಆಗ್ತದೆ, ಓದಿ.

ನಮ್ಮ ಮನೆಯಲ್ಲಿ ಒಂದು ವಾಲ್ವ್ ರೇಡಿಯೊ ಇತ್ತು. ಅಪ್ಪ ಬೋಟಿಗೆ ಹೋಗ್ತಿದ್ದವರು, ದಡದಲ್ಲಿದ್ದ ದಿನ ರಾತ್ರಿ ಶಾರ್ಟ್‌ವೇವ್ ತಿರುಗಿಸ್ತಾ ಕೂತ್ಕೊಳ್ತಿದ್ದರು. ಒಂದು ರಾತ್ರಿ ಸ್ಟೇಷನ್ನುಗಳ ನಡುವೆ ಇಬ್ಬರು ಗಂಡಸರು ಮಾತಾಡುದು ಕೇಳಿತು. ಸುದ್ದಿ ಅಲ್ಲ, ಹಾಡು ಅಲ್ಲ. ಒಬ್ಬರು ಇನ್ನೊಬ್ಬರಿಗೆ ತಮ್ಮ ತೋಟದ ಮರಕ್ಕೆ ಕಟ್ಟಿದ ತಂತಿಯ ವಿಷಯ ಹೇಳ್ತಿದ್ದರು. ಅಪ್ಪನಿಗೂ ಅದು ಎಂತ ಅಂತ ಗೊತ್ತಿರಲಿಲ್ಲ. ನನಗೆ ಆಗ ಹತ್ತು ವರ್ಷ ಇರಬಹುದು. ಆ ಮಾತು ಕಿವಿಯಲ್ಲಿ ಹಾಗೇ ಉಳಿಯಿತು.

ಈಗ ಸೆಟ್ಟಿನ ವಿಷಯ. ಮಳೆಗಾಲದಲ್ಲಿ ಪಂಪು ಸುಟ್ಟು ಬರುದು ಕಡಿಮೆ, ಕೈ ಖಾಲಿ ಇರ್ತದೆ. ಜೂನಿನಲ್ಲಿ ಒಬ್ಬರ ಹತ್ತಿರ ಬಿಟ್‌ಎಕ್ಸ್ ಮಾದರಿಯ, ಕೇಳ್ಲಿಕ್ಕೂ ಮಾತಾಡ್ಲಿಕ್ಕೂ ಆಗುವ ರೇಡಿಯೊ ಸೆಟ್ಟಿನ, ಬಿಡಿಭಾಗದ ಕಿಟ್ ತರಿಸಿದೆ. 7 ಮೆಗಾಹರ್ಟ್ಸ್, ಎಸ್‌ಎಸ್‌ಬಿ, ಅಂದರೆ ಒಂದೇ ಸೈಡ್‌ಬ್ಯಾಂಡಿನಲ್ಲಿ ಮಾತು ಕಳಿಸುದು. ಖಾಲಿ ಬೋರ್ಡು, ಬಿಸಿ547 ಟ್ರಾನ್ಸಿಸ್ಟರುಗಳು, ಹತ್ತು ಮೆಗಾಹರ್ಟ್ಸಿನ ಕ್ರಿಸ್ಟಲುಗಳು, ಡ್ರೈವರಿಗೆ (ಕೊನೆಯ ಹಂತವನ್ನು ತಳ್ಳುದಕ್ಕೆ) 2ಎನ್2219, ಕೊನೆಗೆ ಆಂಟೆನಾಕ್ಕೆ ಶಕ್ತಿ ಕೊಡುವ ಒಂದು ಐಆರ್‌ಎಫ್510 ಟ್ರಾನ್ಸಿಸ್ಟರು. ಸ್ಟೇಷನ್ ತಿರುಗಿಸುವ ವಿಎಫ್‌ಒ ಜಾಗಕ್ಕೆ ಎಸ್‌ಐ5351 ಚಿಪ್ಪು ಮತ್ತು ಆರ್ಡುಯಿನೋ ನ್ಯಾನೋ (ಸಣ್ಣ ಕಂಪ್ಯೂಟರ್ ಬೋರ್ಡು), ಎರಡು ಸಾಲಿನ ಡಿಸ್‌ಪ್ಲೇ. ಕಾಯಿಲುಗಳನ್ನು ನಾವೇ ಸುತ್ತಬೇಕು. ಕಿಟ್ಟಿನ ತಂತಿ ತುಂಬಾ ತೆಳು ಅನಿಸಿತು, ಅಂಗಡಿಯ 28 ಗೇಜಿನಲ್ಲಿ ಸುತ್ತಿದೆ. ಮೋಟರಿನ ತಂತಿಯ ಎನಾಮಲ್ ಬೆಸುಗೆಯ ಬಿಸಿಗೆ ಕರಗುದಿಲ್ಲ ಅಂತ ಗೊತ್ತಿದ್ದ ಕಾರಣ ಪ್ರತಿ ತುದಿಯನ್ನೂ ಬ್ಲೇಡಿನಲ್ಲಿ ಕೆರೆದು, ತಾಮ್ರ ಹೊಳೆದ ಮೇಲೆಯೇ ತವರ ಹಿಡಿಸಿದ್ದೇನೆ.

ರಿಸೀವರ್ ಕಟ್ಟಿದ್ದು ಖುಷಿಯ ಕೆಲಸ. ಬ್ಯಾಂಡ್‌ಪಾಸ್ ಫಿಲ್ಟರ್ ಕೂರಿಸುವ ಮೊದಲು ಒಂದು ಮಾರು ತಂತಿ ಸಿಕ್ಕಿಸಿ ನೋಡಿದರೆ ಬ್ರಹ್ಮಾವರದಿಂದ ಬರುವ ಮಂಗಳೂರು ಆಕಾಶವಾಣಿ, 1089 ಕಿಲೋಹರ್ಟ್ಸಿನದ್ದು, ಡಯಲ್ ಎಲ್ಲಿಗೆ ತಿರುಗಿಸಿದರೂ ಅದೇ. ಫಿಲ್ಟರ್ ಕೂರಿಸಿದ ಕೂಡ್ಲೆ ಅದು ಮಾಯ. ಎಸ್‌ಎಸ್‌ಬಿ ದನಿಯನ್ನು ಬಿಡಿಸುವ ಬಿಎಫ್‌ಒ ಸರಿ ಮಾಡುವವರೆಗೆ ಎಲ್ಲರ ದನಿಯೂ ಮೂಗಿನಲ್ಲಿ ಮಾತಾಡಿದ ಹಾಗೆ ಇತ್ತು, ಆಮೇಲೆ ಸ್ಪಷ್ಟ ಆಯ್ತು. ಈಗ ಬೆಳಿಗ್ಗೆ ಆರೂವರೆಗೆ ಕೂತರೆ ಮಲಯಾಳ, ತಮಿಳು, ಮಧ್ಯೆ ಮಧ್ಯೆ ಕನ್ನಡ. ರಾತ್ರಿ 7200ರ ಮೇಲೆ ಪ್ರಸಾರ ಕೇಂದ್ರಗಳ ಗದ್ದಲ. ಬ್ಯಾಟರಿ ಯುಪಿಎಸ್ಸಿನದ್ದು, 12 ವೋಲ್ಟ್ 7 ಆಂಪಿಯರ್ ಅವರ್.

ತೊಂದರೆ ಇರುದು ಟ್ರಾನ್ಸ್‌ಮಿಟ್‌ನಲ್ಲಿ. ಇಪ್ಪತ್ತು ಒಂದು ಕಿಲೋ ಓಮ್ ರೆಸಿಸ್ಟರ್, ಎಲ್ಲ ಒಂದು ವ್ಯಾಟಿನದ್ದು, ಸಮಾಂತರ ಜೋಡಿಸಿ ಆಂಟೆನಾದ ಬದಲಿಗೆ ಸಿಕ್ಕಿಸುವ 50 ಓಮಿನ ಡಮ್ಮಿ ಲೋಡ್ ಮಾಡಿದ್ದೇನೆ. ಅದರ ತಲೆಗೆ ಒಂದು ಡಯೋಡು, ಒಂದು ಕೆಪಾಸಿಟರು, ಮಲ್ಟಿಮೀಟರು. ಮೈಕಿನಲ್ಲಿ ಗಟ್ಟಿಯಾಗಿ "ಹಲೋ" ಅಂದರೆ ನಾಲ್ಕೂವರೆ ವೋಲ್ಟ್ ಮೇಲೆ ಏರುದಿಲ್ಲ. ಲೆಕ್ಕ ಹಾಕಿದರೆ 0.2 ವ್ಯಾಟ್. ಕಿಟ್ಟಿನ ಹಾಳೆಯಲ್ಲಿ 5 ವ್ಯಾಟ್ ಅಂತ ಉಂಟು, ಅಂದರೆ 22 ವೋಲ್ಟಿನ ಹತ್ತಿರ ಬರಬೇಕು.

ಹೆಚ್ಚು ಬರ್ಲಿ ಅಂತ ಬಯಾಸ್ ಪ್ರಿಸೆಟ್ (ಕೊನೆಯ ಟ್ರಾನ್ಸಿಸ್ಟರಿನಲ್ಲಿ ಸುಮ್ಮನಿರುವಾಗ ಹರಿಯುವ ಕರೆಂಟು ಹೊಂದಿಸುವ ತಿರುಪು) ತಿರುಗಿಸ್ತಾ ಹೋದೆ. ಒಂದು ಜಾಗದಲ್ಲಿ ಕರೆಂಟು ಒಮ್ಮೆಗೇ ಎರಡು ಆಂಪಿಯರಿಗೆ ಹಾರ್ತದೆ. ನಾನು ಬಾಯಿ ಬಿಡದಿದ್ದರೂ ಮೀಟರಿನಲ್ಲಿ 15 ವೋಲ್ಟ್ ಕಾಣ್ತದೆ. ಹೀಗೆ ಮಾಡುವಾಗಲೇ ಮೊದಲಿನ ಐಆರ್‌ಎಫ್510 ಸುಟ್ಟಿತು. ಇಲ್ಲಿ ಇನ್ವರ್ಟರ್ ರಿಪೇರಿಯವರ ಹತ್ತಿರ 510 ಸಿಗಲಿಲ್ಲ, ಐಆರ್‌ಎಫ್540 ಇತ್ತು, ಅದಕ್ಕಿಂತ ದೊಡ್ಡದು ಅಂತ ಅದನ್ನು ಹಾಕಿದೆ. ನಾಲ್ಕೂವರೆ ವೋಲ್ಟಿನ ಲೆಕ್ಕ ಇದು ಹಾಕಿದ ಮೇಲಿನದ್ದು. ಮೊದಲು 510 ಇದ್ದಾಗಲೂ ಏಳೆಂಟರ ಮೇಲೆ ಹೋಗಿರಲಿಲ್ಲ.

ಎಲ್ಲ ಕಾಯಿಲಿನ ಕಂಟಿನ್ಯುಟಿ ನೋಡಿದ್ದೇನೆ, ಸರಿ ಉಂಟು. ಡ್ರೈವರ್ 2ಎನ್2219 ಮುಟ್ಟಿದರೆ ಕೈ ಸುಡ್ತದೆ. ಕೊನೆಯ ಟ್ರಾನ್ಸಿಸ್ಟರನ್ನು ಡಬ್ಬದ ಹಿಂದಿನ ಗೋಡೆಗೆ ಮೈಕಾ ಇಟ್ಟು ಬಿಗಿದಿದ್ದೇನೆ, ಅಲ್ಲಿಂದ ಬೋರ್ಡಿಗೆ ತಂತಿ. ಎಲ್ಲಿಂದ ಶುರು ಮಾಡ್ಬೇಕು ಹೇಳಿ. ಮೋಟರ್ ಆದರೆ ಶಬ್ದ ಕೇಳಿಯೇ ಹೇಳ್ತೇನೆ, ಇದರಲ್ಲಿ ನನಗೆ ಇನ್ನೂ ಆ ಕಿವಿ ಬಂದಿಲ್ಲ.

ಕುಂದಾಪ್ರ ಕೋಡಿ

ಹ್ವಾಯ್, ಮೊದ್ಲ್ ಆ 540 ತೆಗೀರಿ. ನಾನೂ ಒಂದ್ ಸಲ ಅದೇ ಹಾಕಿ ಎರಡ್ ವಾರ ಕಳ್ದಿದ್ದೆ. ಇನ್ವರ್ಟರಿಗೆ ಅದ್ ಒಳ್ಳೇದ್, ಏಳ್ ಮೆಗಾಹರ್ಟ್ಸಿಗೆ ಅಲ್ಲ. ನನ್ನ ಹತ್ರ 510 ಮೂರ್ ಇತ್ತ್, ಎರಡ್ ಕವರಿಗೆ ಹಾಕಿ ಕಳ್ಸ್ತೆ. ವಿಳಾಸ ಮೆಸೇಜ್ ಮಾಡಿ, ಇಲ್ಲಿ ಬರೀಬೇಡಿ.

ಮತ್ತೆ ಗೋಡೆಗೆ ಬಿಗ್ದ ಟ್ರಾನ್ಸಿಸ್ಟರಿಂದ ಬೋರ್ಡಿಗೆ ತಂತಿ ಎಷ್ಟ್ ಉದ್ದ?

ಕಟಪಾಡಿ ವೈಂಡಿಂಗ್

ತುಂಬಾ ಉಪಕಾರ ಆಯ್ತು. ಅಳೆದು ನೋಡಿದೆ. ಟ್ರಾನ್ಸಿಸ್ಟರಿನ ಮೂರು ಕಾಲಿನಲ್ಲಿ ಗೇಟಿನದ್ದು ಎಂಟು ಸೆಂಟಿಮೀಟರ್, ಡ್ರೈನಿನದ್ದು ಒಂಬತ್ತು, ಸೋರ್ಸಿನದ್ದೂ ಹತ್ತಿರ ಹತ್ತಿರ ಅಷ್ಟೇ. ಮೂರನ್ನೂ ಚಂದ ಕಾಣ್ಲಿ ಅಂತ ಒಟ್ಟಿಗೆ ಹೆಣೆದು ಸ್ಲೀವ್ ಹಾಕಿದ್ದೇನೆ.

ಕದ್ರಿ ಗುಡ್ಡೆ

ಕಟಪಾಡಿಯವರೆ, ನೀವು ಬರೆದ ರೀತಿ ಓದಿ ಸಂತೋಷವಾಯಿತು. ಲಕ್ಷಣ, ಅಳತೆ, ಏನನ್ನು ಬದಲಿಸಿದ ಮೇಲೆ ಏನಾಯಿತು, ಎಲ್ಲ ಇದೆ. ಹೀಗೆ ಬರೆದವರಿಗೆ ಉತ್ತರ ಹೇಳುವುದು ಸುಲಭ.

ಮೊದಲು ಒಂದು ಧೈರ್ಯದ ಮಾತು. ಬಿಟ್‌ಎಕ್ಸ್‌ನಲ್ಲಿ ಕೇಳುವ ದಾರಿಯೂ ಮಾತಾಡುವ ದಾರಿಯೂ ಬಹುಪಾಲು ಒಂದೇ. ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರ ವಿನ್ಯಾಸದ ಜಾಣತನ ಇರುವುದೇ ಅಲ್ಲಿ. ಅದೇ ಕ್ರಿಸ್ಟಲ್ ಫಿಲ್ಟರ್, ಅದೇ ಮಿಕ್ಸರ್, ಅದೇ ಬ್ಯಾಂಡ್‌ಪಾಸ್ ಫಿಲ್ಟರ್. ರಿಸೀವ್‌ನಲ್ಲಿ ಸಿಗ್ನಲ್ ಒಂದು ದಿಕ್ಕಿಗೆ ನಡೆಯುತ್ತದೆ, ಟ್ರಾನ್ಸ್‌ಮಿಟ್‌ನಲ್ಲಿ ಅದೇ ಓಣಿಯಲ್ಲಿ ತಿರುಗಿ ನಡೆಯುತ್ತದೆ. ಬದಲಾಗುವುದು ದಾರಿಯಲ್ಲಿ ತಳ್ಳುವ ಟ್ರಾನ್ಸಿಸ್ಟರುಗಳು ಮಾತ್ರ. ನಿಮಗೆ ಬೆಳಿಗ್ಗೆ ಮಲಯಾಳ ಸ್ಪಷ್ಟವಾಗಿ ಕೇಳುತ್ತಿದೆ ಎಂದರೆ ಆ ಮೂರನ್ನೂ ನೀವು ಸರಿಯಾಗಿ ಕಟ್ಟಿದ್ದೀರಿ, ಅವುಗಳನ್ನು ಮುಟ್ಟಬೇಡಿ. ಹುಡುಕಬೇಕಾದದ್ದು ಮೈಕಿನ ಕಡೆ ಸ್ವಲ್ಪ, ಫಿಲ್ಟರಿನ ನಂತರದ ಮೂರು ಹಂತದಲ್ಲಿ ಹೆಚ್ಚು.

ನಾನು ಬಿಟ್‌ಎಕ್ಸ್20 ಕಟ್ಟಿದ ಕಾಲದಲ್ಲಿ ಟೊರಾಯ್ಡ್ (ಕಾಯಿಲ್ ಸುತ್ತುವ ಉಂಗುರ) ಸಿಗುತ್ತಿರಲಿಲ್ಲ. ವಿಎಫ್‌ಒ ಕಾಯಿಲನ್ನು ನಲ್ಲಿಯ ವಾಷರಿನ ಮೇಲೆ ಸುತ್ತಿದ್ದೆವು, ಟಿವಿಯ ಬಾಲನ್ ಕೋರ್ ಬಿಚ್ಚಿ ಟ್ರಾನ್ಸ್‌ಫಾರ್ಮರ್ ಮಾಡಿದ್ದೆವು. ಆಗ ನನ್ನ ಬಳಿ ಆಸಿಲೋಸ್ಕೋಪ್ ಇರಲಿಲ್ಲ, ಈಗಲೂ ಹೆಚ್ಚು ಬಳಸುವುದಿಲ್ಲ. ರೇಡಿಯೊ ಸಿಗ್ನಲ್ ಅಳೆಯುವ ಒಂದು ಆರ್‌ಎಫ್ ಪ್ರೋಬ್ ಸಾಕು. ನೀವು ಡಮ್ಮಿ ಲೋಡಿಗೆ ಮಾಡಿದ ಡಯೋಡಿನ ಜೋಡಣೆಯನ್ನೇ ಒಂದು ಖಾಲಿ ಪೆನ್ನಿನ ಕೊಳವೆಯೊಳಗೆ ಕೂರಿಸಿ, ಮುಂದೆ ಒಂದು ಸಣ್ಣ ಕೆಪಾಸಿಟರ್, ತುದಿಗೆ ಸೂಜಿ. ಭೂಮಿಯ (ಅರ್ತ್) ತಂತಿ ಗಿಡ್ಡವಾಗಿರಲಿ. ಅರ್ಧ ವೋಲ್ಟಿಗಿಂತ ಕಡಿಮೆ ಇದ್ದದ್ದನ್ನು ಡಯೋಡ್ ನುಂಗಿಬಿಡುತ್ತದೆ, ಆದರೆ ನಿಮ್ಮ ತೊಂದರೆ ಇರುವುದು ದೊಡ್ಡ ಸಿಗ್ನಲ್ಲಿನ ಕಡೆ. ಇದು ಸಾಕಾಗುತ್ತದೆ.

ಈಗ ಕೆಲಸ. 540 ತೆಗೆಯಿರಿ. ಅದು ದೊಡ್ಡದಾದ್ದರಿಂದಲೇ ಇಲ್ಲಿ ಕೆಟ್ಟದ್ದು. 510ರ ಗೇಟಿಗೆ ಸುಮಾರು 180 ಪಿಕೋಫ್ಯಾರಡ್ ಕೆಪಾಸಿಟನ್ಸ್, 540ಕ್ಕೆ 1700ರ ಆಸುಪಾಸು. 7.1 ಮೆಗಾಹರ್ಟ್ಸ್‌ನಲ್ಲಿ ಮೊದಲನೆಯದು ಡ್ರೈವರಿಗೆ 125 ಓಮಿನಂತೆ ಕಾಣುತ್ತದೆ, ಎರಡನೆಯದು 13 ಓಮಿನಂತೆ. ಬಡ ಡ್ರೈವರ್ ಅಷ್ಟು ಭಾರ ಹೊರಲಾರದು. ತೆಗೆದ ಜಾಗದಲ್ಲಿ ಗೇಟಿನಿಂದ ಭೂಮಿಗೆ 100 ಓಮಿನ ಒಂದು ರೆಸಿಸ್ಟರ್ ಇಡಿ. ಬಯಾಸ್ ಪ್ರಿಸೆಟ್ ಪೂರ್ತಿ ಕೆಳಗೆ. ಮೈಕಿಗೆ ನೀವು ಕೂಗಬೇಡಿ, ದನಿ ಒಂದೇ ಸಮ ಇರುವುದಿಲ್ಲ. ಫೋನಿನಲ್ಲಿ ಒಂದು ಕಿಲೋಹರ್ಟ್ಸಿನ ಶಬ್ದ ಹೊರಡಿಸಿ ಮೈಕಿನ ಮುಂದೆ ಇಡಿ, ಇಟ್ಟ ಜಾಗದಿಂದ ಅಲುಗಿಸಬೇಡಿ. ಆಮೇಲೆ ಪ್ರಿಡ್ರೈವರಿನ ಕಲೆಕ್ಟರ್, ಡ್ರೈವರ್ ಟ್ರಾನ್ಸ್‌ಫಾರ್ಮರಿನ ಹೊರದಾರಿ, ಎರಡೂ ಕಡೆ ಅಳೆದು ಇಲ್ಲಿ ಬರೆಯಿರಿ. ಪ್ರತಿ ಹಂತಕ್ಕೂ ವೋಲ್ಟೇಜ್ ಏರಬೇಕು. ಎಲ್ಲಿ ಇಳಿಯಿತೋ ಅಲ್ಲಿ ನಿಲ್ಲಿ.

ನನ್ನ ಸಂಶಯ ಎಲ್ಲಿದೆ ಎಂದೂ ಹೇಳಿಬಿಡುತ್ತೇನೆ. ಡ್ರೈವರ್ ಟ್ರಾನ್ಸ್‌ಫಾರ್ಮರ್ ಎರಡು ತಂತಿ ಹೆಣೆದು ಸುತ್ತಿದ್ದಲ್ಲವೇ? ಮೊದಲ ತಂತಿಯ ಕೊನೆ ಎರಡನೆಯದರ ಮೊದಲಿಗೆ ಸೇರಬೇಕು. ಕೊನೆಗೆ ಕೊನೆ ಸೇರಿದ್ದರೆ ಎರಡೂ ಸುತ್ತು ಒಂದನ್ನೊಂದು ಕೊಲ್ಲುತ್ತವೆ. ಕಂಟಿನ್ಯುಟಿ ನೋಡಿದರೆ ಮೀಟರು ಎಲ್ಲ ಸರಿ ಎಂದೇ ಹೇಳುತ್ತದೆ. ಅದಕ್ಕೆ ತಂತಿ ಗೊತ್ತು, ದಿಕ್ಕು ಗೊತ್ತಿಲ್ಲ. ಒಂದು ಕಾಯಿಲ್ ತಿರುಗಾಮುರುಗಾ ಸೇರಿದ ಮೋಟರು ಏನು ಮಾಡುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಕಟಪಾಡಿ ವೈಂಡಿಂಗ್

ಸರ್, ನಿಮ್ಮ ಕೊನೆಯ ಸಾಲು ಓದಿ ಊಟ ಅರ್ಧದಲ್ಲಿ ಬಿಟ್ಟು ಅಂಗಡಿಗೆ ಹೋದೆ. ಒಂದು ಕಾಯಿಲ್ ತಿರುಗಿ ಕೂತರೆ ಮೋಟರ್ ಗುಂಯ್ ಅಂತದೆ, ಎಳೆಯುದಿಲ್ಲ, ಬಿಸಿ ಆಗ್ತದೆ. ನನ್ನ 2ಎನ್2219 ಮಾಡ್ತಾ ಇದ್ದದ್ದು ಅದೇ.

ಹೇಳಿದ ಹಾಗೆ ಅಳೆದೆ. ಪ್ರಿಡ್ರೈವರಿನ ಕಲೆಕ್ಟರಿನಲ್ಲಿ 1.3 ವೋಲ್ಟ್. ಡ್ರೈವರ್ ಟ್ರಾನ್ಸ್‌ಫಾರ್ಮರಿನ ಹೊರದಾರಿಯಲ್ಲಿ 0.7. ಏರಬೇಕಾದಲ್ಲಿ ಇಳಿದಿದೆ.

ಟ್ರಾನ್ಸ್‌ಫಾರ್ಮರ್ ಬಿಚ್ಚಿದೆ. ಮೋಟರ್ ಸುತ್ತುವಾಗ ಪ್ರತಿ ಕಾಯಿಲಿನ ಶುರುವಿಗೆ ಕೆಂಪು ಸ್ಲೀವ್, ಕೊನೆಗೆ ಕಪ್ಪು, ಇದು ನಾನು ಹದಿನೆಂಟನೇ ವಯಸ್ಸಿನಲ್ಲಿ ಕೆಲಸ ಕಲಿತ ಮೊದಲ ದಿನದಿಂದ ಬಂದ ಕ್ರಮ. ಈ ಸಣ್ಣ ಉಂಗುರದ ಮೇಲೆ ಹತ್ತು ಸುತ್ತಿಗೆ ಸ್ಲೀವ್ ಎಂತಕೆ ಅಂತ ಬಿಟ್ಟಿದ್ದೆ. ಎರಡೂ ತಂತಿ ಒಂದೇ ಬಣ್ಣ, ಹೆಣೆದ ಮೇಲೆ ಯಾವುದು ಯಾವುದು ಅಂತ ಮೀಟರಿನಲ್ಲಿ ಹುಡುಕಿದ್ದೆ, ಹುಡುಕುವಾಗ ಉಂಗುರ ಕೈಯಲ್ಲಿ ತಿರುಗಿರಬೇಕು. ನೀವು ಹೇಳಿದ ಹಾಗೆಯೇ ಕೊನೆಗೆ ಕೊನೆ ಸೇರಿತ್ತು. ಹೊಸತಾಗಿ ಸುತ್ತಿದೆ, ಈ ಸಲ ಒಂದು ತಂತಿ ಬೇರೆ ಬಣ್ಣದ ಎನಾಮಲಿನದ್ದು, ತುದಿಗಳಿಗೆ ಅಂಗಡಿಯ ಸ್ಲೀವನ್ನೇ ಸಣ್ಣಕ್ಕೆ ತುಂಡು ಮಾಡಿ ಹಾಕಿದೆ.

ಈಗ ಅದೇ ಜಾಗದಲ್ಲಿ 4.9 ವೋಲ್ಟ್. 2219 ಬೆಚ್ಚಗೆ ಉಂಟು, ಮುಟ್ಟಿದರೆ ಸುಡುದಿಲ್ಲ.

ಕುಂದಾಪ್ರದವರ ಕವರ್ ನಿನ್ನೆ ಬಂತು. ಟ್ರಾನ್ಸಿಸ್ಟರಿನ ಮೂರು ಕಾಲನ್ನೂ ತವರದ ಹಾಳೆಯಲ್ಲಿ ಸುತ್ತಿ ಕಳಿಸಿದ್ದಾರೆ. ಹಾಕುವ ಮೊದಲು ಒಂದು ಪ್ರಶ್ನೆ: ಕರೆಂಟು ಹಾರಿ, ಮಾತಾಡದೆಯೇ 15 ವೋಲ್ಟ್ ಬಂದದ್ದು ಟ್ರಾನ್ಸ್‌ಫಾರ್ಮರಿನಿಂದಲೇ ಅಥವಾ ಬೇರೆ ಉಂಟಾ?

ಸುರತ್ಕಲ್ ಬೀಚ್ ರೋಡ್

ಅದು ಬೇರೆಯೇ. ನಾನು ಎಲೆಕ್ಟ್ರಾನಿಕ್ಸ್ ಪಾಠ ಮಾಡುವವಳು, ಮನೆಯಲ್ಲಿ ಎರಡು ಬಿಟ್‌ಎಕ್ಸ್ ಕಟ್ಟಿದ್ದೇನೆ. ಮೈಕಿಗೆ ಏನೂ ಕೊಡದೆ ಹೊರದಾರಿಯಲ್ಲಿ 15 ವೋಲ್ಟ್ ಕಂಡರೆ ಕೊನೆಯ ಹಂತ ತಾನೇ ಆಸಿಲೇಟರ್ ಆಗಿದೆ ಎಂದರ್ಥ. ನೀವು ಗೇಟ್ ಮತ್ತು ಡ್ರೈನ್ ತಂತಿಗಳನ್ನು ಎಂಟೊಂಬತ್ತು ಸೆಂಟಿಮೀಟರ್ ಉದ್ದಕ್ಕೆ ಒಟ್ಟಿಗೆ ಹೆಣೆದಿದ್ದೀರಿ. ಹೊರಗೆ ಹೋಗುವ ದೊಡ್ಡ ಸಿಗ್ನಲ್ಲಿನ ಒಂದು ಪಾಲು ಅಲ್ಲೇ ಗೇಟಿಗೆ ಮರಳುತ್ತದೆ, ಅದು ಮತ್ತೆ ದೊಡ್ಡದಾಗುತ್ತದೆ, ಮತ್ತೆ ಮರಳುತ್ತದೆ. ಸೋರ್ಸಿನ ಉದ್ದ ತಂತಿಯೂ ತೊಂದರೆಯೇ. 50 ಹರ್ಟ್ಸಿನಲ್ಲಿ ಹೀಗೆ ಹೆಣೆಯುವುದು ಒಳ್ಳೆಯ ಅಭ್ಯಾಸ, ಏಳು ಮೆಗಾಹರ್ಟ್ಸಿನಲ್ಲಿ ಪ್ರತಿ ಸೆಂಟಿಮೀಟರೂ ಒಂದು ಬಿಡಿಭಾಗ.

ಟ್ರಾನ್ಸಿಸ್ಟರನ್ನು ಬೋರ್ಡಿನ ಮೇಲೆಯೇ ಕೂರಿಸಿ, ಕಾಲು ಎಷ್ಟು ಗಿಡ್ಡ ಆದೀತೋ ಅಷ್ಟು. ಹೀಟ್‌ಸಿಂಕ್ ಅದರ ಬಳಿಗೆ ಬರಲಿ. ಮೈಕಾ ಹಾಕಿದ್ದು ಸರಿ, ಲೋಹದ ಬೆನ್ನು ಡ್ರೈನೇ ಆದ್ದರಿಂದ ಅದು ಡಬ್ಬಕ್ಕೆ ತಾಗಿದರೆ ಬ್ಯಾಟರಿ ನೇರ ಶಾರ್ಟ್. ಸ್ಕ್ರೂವಿಗೂ ಪ್ಲಾಸ್ಟಿಕ್ ಬುಶ್ ಇದೆಯಾ ನೋಡಿ, ಮೈಕಾ ಹಾಕಿ ಸ್ಕ್ರೂ ಮರೆತವರನ್ನು ಕಂಡಿದ್ದೇನೆ. ಗೇಟಿನ ಸಾಲಿನಲ್ಲಿ 10 ಓಮಿನ ಸಣ್ಣ ರೆಸಿಸ್ಟರ್ ಹಾಕಿ. ಡ್ರೈನಿಗೆ ಕರೆಂಟು ಬರುವ ಜಾಗದಲ್ಲಿ, ಸೋರ್ಸಿನ ಭೂಮಿಗೆ ತೀರ ಹತ್ತಿರ, 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಒಂದು, 100 ಮೈಕ್ರೋಫ್ಯಾರಡ್ ಎಲೆಕ್ಟ್ರೊಲಿಟಿಕ್ ಒಂದು. ಬೋರ್ಡಿನಿಂದ ಆಂಟೆನಾ ಸಾಕೆಟ್ಟಿಗೆ ಬಿಡಿ ತಂತಿ ಬೇಡ, ತೆಳು ಕೋಆಕ್ಸ್ (ಹೊರಗೆ ಜಾಲರಿ ಇರುವ ಕೇಬಲ್) ಎಳೆಯಿರಿ, ಎರಡೂ ತುದಿಯಲ್ಲಿ ಜಾಲರಿ ಭೂಮಿಗೆ.

ಆಮೇಲೆ ಪ್ರಿಸೆಟ್. ಇದು ನಮ್ಮ ಕರಾವಳಿಯ ವಿಶೇಷ ಕಾಯಿಲೆ, ಅದಕ್ಕೇ ಒತ್ತಿ ಹೇಳುತ್ತೇನೆ. ತೆರೆದ ಕಾರ್ಬನ್ ಪ್ರಿಸೆಟ್ ಒಂದು ಮಳೆಗಾಲ ಇಲ್ಲಿಯ ಉಪ್ಪು ಗಾಳಿಯಲ್ಲಿ ಇದ್ದರೆ ಪಟ್ಟಿಯ ಮೇಲೆ ಅಲ್ಲಲ್ಲಿ ಸಂಪರ್ಕ ತಪ್ಪುತ್ತದೆ. ಭೂಮಿಯ ಕಡೆಯ ಕಾಲು ಬಿಟ್ಟರೆ ಗೇಟಿಗೆ ಪೂರ್ತಿ 5 ವೋಲ್ಟ್ ಹೋಗುತ್ತದೆ. ಈ ಟ್ರಾನ್ಸಿಸ್ಟರು 2ರಿಂದ 4 ವೋಲ್ಟಿನೊಳಗೆ ತೆರೆಯಲು ಶುರು ಮಾಡುವಂಥದ್ದು, 5 ಎಂದರೆ ಬಾಗಿಲು ಹಾರುಹೊಡೆದ ಹಾಗೆ. ನಿಮ್ಮ ಮೊದಲ 510 ಹೋದದ್ದಕ್ಕೆ ಇದೂ ಜೊತೆಗೂಡಿರಬಹುದು. ಮುಚ್ಚಿದ ಮಲ್ಟಿಟರ್ನ್ ಪ್ರಿಸೆಟ್ ಹಾಕಿ. ಮೊದಲ ಸಲ ಕರೆಂಟು ಕೊಡುವಾಗ ಪೂರ್ತಿ ಕೆಳಗೆ, ಮೈಕ್ ಕಳಚಿ, ಡ್ರೈನಿನ ಸಾಲಿನಲ್ಲಿ ಮೀಟರ್ ಇಟ್ಟು, 100 ಮಿಲಿಆಂಪಿಯರಿಗೆ ನಿಧಾನ ಏರಿಸಿ. ಅಲ್ಲಿಗೆ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ.

ಕಟಪಾಡಿ ವೈಂಡಿಂಗ್

ಮೇಡಂ, ಎರಡು ಸಂಜೆ ಹಿಡಿಯಿತು. ಹಿಂದಿನ ಗೋಡೆಯಲ್ಲಿ ಮಾಡಿದ ತೂತು ಈಗ ಖಾಲಿ, ಹೀಟ್‌ಸಿಂಕನ್ನು ಬೋರ್ಡಿನ ಅಂಚಿಗೆ ತಂದು ಎಲ್ ಪಟ್ಟಿಯಲ್ಲಿ ಬಿಗಿದೆ. ಟ್ರಾನ್ಸಿಸ್ಟರಿನ ಕಾಲು ಈಗ ಆರು ಮಿಲಿಮೀಟರ್. ಸ್ಕ್ರೂವಿಗೆ ಬುಶ್ ಮೊದಲೇ ಇತ್ತು. ಹಳೆ ಪ್ರಿಸೆಟ್ ತೆಗೆದು ಮೀಟರಿಟ್ಟು ತಿರುಗಿಸಿದೆ: ಮಧ್ಯದಲ್ಲಿ ಎರಡು ಕಡೆ ಸಂಪರ್ಕವೇ ಇಲ್ಲ. ಮೂರು ತಿಂಗಳ ಹಿಂದಿನ ಹೊಸ ಮಾಲು ಅದು.

ಮೈಕ್ ಕಳಚಿ ಟ್ರಾನ್ಸ್‌ಮಿಟ್ ಒತ್ತಿದೆ. 100 ಮಿಲಿಆಂಪಿಯರ್, ಡಮ್ಮಿ ಲೋಡಿನಲ್ಲಿ ಸೊನ್ನೆ. ಹತ್ತು ನಿಮಿಷ ಬಿಟ್ಟರೂ 100ರಿಂದ 106. ಮೈಕ್ ಸಿಕ್ಕಿಸಿ ಫೋನಿನ ಶಬ್ದ ಕೊಟ್ಟೆ. 24 ವೋಲ್ಟ್. ಮೀಟರ್ ತಪ್ಪಿರಬೇಕು ಅಂತ ಬೇರೆ ಮೀಟರ್ ತಂದು ನೋಡಿದೆ, ಅದೂ 24. ಐದೂಮುಕ್ಕಾಲು ವ್ಯಾಟ್. ರೆಸಿಸ್ಟರುಗಳು ಬಿಸಿಯಾಗಿ ವಾರ್ನಿಶ್ ವಾಸನೆ ಬಂತು. ಅಂಗಡಿಯಲ್ಲಿ ದಿನಾ ಬರುವ ವಾಸನೆ, ಅವತ್ತು ಮಾತ್ರ ಅದನ್ನು ಮೂಸ್ತಾ ಸುಮ್ಮನೆ ಕೂತಿದ್ದೆ.

ಆದರೆ ಇನ್ನೊಂದು ತೊಂದರೆ ಶುರು ಆಗಿದೆ. ಆಂಟೆನಾ ಸಿಕ್ಕಿಸಿ ಮಾತಾಡಿದರೆ ಡಿಸ್‌ಪ್ಲೇ ಒಮ್ಮೆ ಕಪ್ಪಾಗಿ ಮತ್ತೆ ಮೊದಲಿನಿಂದ ಶುರು ಆಗ್ತದೆ. ಕಣ್ಣೂರಿನ ಕಡೆಯವರೊಬ್ಬರು ಉತ್ತರ ಕೊಟ್ಟು, ದನಿ ಹರಿದ ಸ್ಪೀಕರಿನ ಹಾಗೆ ಉಂಟು ಅಂದರು, ಅಷ್ಟರಲ್ಲಿ ಸೆಟ್ಟು ಮತ್ತೆ ರೀಸೆಟ್ ಆಗಿ ಮಾತು ಕಡಿಯಿತು. ಅವರಿಗೆ ಸರಿಯಾಗಿ ವಂದನೆ ಹೇಳ್ಲಿಕ್ಕೂ ಆಗಲಿಲ್ಲ. ಅದೇ ಮನಸ್ಸಿಗೆ ಬೇಸರ.

ಆಂಟೆನಾ ಡೈಪೋಲ್, ಅಂದರೆ ನಡುವಿನಿಂದ ಎರಡು ಕಡೆ ಚಾಚಿದ ತಂತಿ, ಹಿತ್ತಿಲಿನ ಎರಡು ತೆಂಗಿನ ಮರದ ನಡುವೆ, ಎಂಟು ಮೀಟರ್ ಎತ್ತರ. ಒಂದೊಂದು ಕೈ ಹತ್ತು ಮೀಟರ್ ಐದು ಸೆಂಟಿಮೀಟರ್. ಆರ್‌ಜಿ58 ಕೋಆಕ್ಸ್ ನಡುವಿನಿಂದ ಪಡುವಣ ಕೈಯ ಕೆಳಗೇ ಮನೆಯ ಕಡೆ ಬರ್ತದೆ. ಬ್ಯಾಟರಿ ಇಳಿದು ಹೀಗೆ ಆಗ್ತದಾ?

ಸುರತ್ಕಲ್ ಬೀಚ್ ರೋಡ್

ಬ್ಯಾಟರಿಯೇ ಆಗಿದ್ದರೆ ಡಮ್ಮಿ ಲೋಡಿನಲ್ಲೂ ರೀಸೆಟ್ ಆಗಬೇಕಿತ್ತು, ಅಲ್ಲಿಯೂ ಅದೇ 24 ವೋಲ್ಟ್, ಅದೇ ಕರೆಂಟು. ಆದರೂ ಖಾತ್ರಿಗೆ ಒಮ್ಮೆ ಮಾತಾಡುವಾಗ ಬ್ಯಾಟರಿಯ ತುದಿಯಲ್ಲಿ ಅಲ್ಲ, ಬೋರ್ಡಿನ ಮೇಲೆ ವೋಲ್ಟೇಜ್ ಅಳೆಯಿರಿ. 11.5ಕ್ಕಿಂತ ಮೇಲಿದ್ದರೆ ಅದನ್ನು ಮರೆತುಬಿಡಿ.

ನನ್ನ ಪ್ರಕಾರ ನಿಮ್ಮ ಕೋಆಕ್ಸಿನ ಹೊರ ಜಾಲರಿಯೂ ಆಂಟೆನಾ ಆಗಿದೆ. ಡೈಪೋಲಿನ ಎರಡು ಕೈ ಸಮ, ಕೋಆಕ್ಸ್ ಹಾಗಲ್ಲ. ನಡುವೆ ಏನೂ ಇಲ್ಲದಿದ್ದರೆ ಕರೆಂಟಿನ ಒಂದು ಪಾಲು ಜಾಲರಿಯ ಹೊರಮೈ ಮೇಲೆ ಇಳಿದು ಮನೆಯೊಳಗೆ, ಸೆಟ್ಟಿನ ಡಬ್ಬಕ್ಕೆ, ಮೈಕಿನ ತಂತಿಗೆ ಬರುತ್ತದೆ. ಮೈಕಿಗೆ ಹೋದದ್ದು ದನಿ ಹರಿಯುತ್ತದೆ, ನ್ಯಾನೋಗೆ ಹೋದದ್ದು ರೀಸೆಟ್ ಮಾಡುತ್ತದೆ. ಒಂದು ಕೈಯ ಕೆಳಗೇ ಎಳೆದದ್ದರಿಂದ ಇನ್ನೂ ಹೆಚ್ಚಾಗಿದೆ.

ನಾಲ್ಕಿಂಚಿನ ಪಿವಿಸಿ ಪೈಪಿನ ತುಂಡಿನ ಮೇಲೆ ಅದೇ ಕೋಆಕ್ಸನ್ನು ಹದಿನೆಂಟು ಸುತ್ತು, ಒಂದರ ಪಕ್ಕ ಒಂದು, ಮೇಲೆ ಮೇಲೆ ಬಾರದ ಹಾಗೆ ಸುತ್ತಿ. ಆರು ಮೀಟರಿಗಿಂತ ಸ್ವಲ್ಪ ಹೆಚ್ಚು ಕೇಬಲ್ ಹೋಗುತ್ತದೆ, ಲೆಕ್ಕ ಇಟ್ಟುಕೊಳ್ಳಿ. ಅದನ್ನು ಡೈಪೋಲಿನ ನಡುವಿನಲ್ಲೇ ಕಟ್ಟಿ. ಕೋಆಕ್ಸ್ ನಡುವಿನಿಂದ ನೇರ ಕೆಳಗೆ ಇಳಿಯಲಿ, ತಂತಿಗೆ ಅಡ್ಡಲಾಗಿ, ಆಮೇಲೆ ನೆಲದ ಹತ್ತಿರ ಮನೆಯ ಕಡೆ ತಿರುಗಲಿ. ಮೈಕಿನ ಕಾಲುಗಳಿಗೆ ಬೋರ್ಡಿನಲ್ಲೇ 1000 ಪಿಕೋಫ್ಯಾರಡಿನ ಒಂದು ಕೆಪಾಸಿಟರ್.

ಕುಂದಾಪ್ರ ಕೋಡಿ

ಮೇಡಂ ಹೇಳದ್ ಸಮ. ಒಂದೇ ವಿಷ್ಯ ಸೇರ್ಸ್ತೆ. ನಡುವಿನ ಜಾಯಿಂಟಿಗೆ ಬೆಸುಗೆ ಹಾಕಿ, ಬರೀ ತಿರ್ಚಿ ಬಿಡ್ಬೇಡಿ. ಕೋಆಕ್ಸಿನ ಕಡಿದ ಬಾಯಿ ಮೇಲ್ ಮುಖ ಆಯ್ಕ್ ಇದ್ರೆ ಮಳೆ ನೀರ್ ಜಾಲರಿಯೊಳ್ಗ್ ಇಳಿತ್ತ್. ನಂದ್ ಎರಡ್ ಮಳೆಗಾಲಕ್ಕೆ ಒಳ್ಗ್ ಪೂರಾ ಕಪ್ಪ್ ಆಯಿತ್ತ್. ಬಾಯಿ ಕೆಳ್ಗ್ ಮಾಡಿ, ಸೈಕಲ್ ಟ್ಯೂಬ್ ಸುತ್ತಿ, ಮೇಲಿಂದ ಸಿಲಿಕಾನ್ ಹಚ್ಚಿ.

ಹಸಿ ಮಡಲಿಗೆ ತಂತಿ ತಾಗೂಕೆ ಬಿಡ್ಬೇಡಿ. ತುದಿಯಿಂದ ಮರಕ್ಕೆ ಎರಡ್ ಮೀಟರಾರೂ ನೈಲಾನ್ ಹಗ್ಗ ಇರ್ಲಿ.

ಕದ್ರಿ ಗುಡ್ಡೆ

ಹಗ್ಗವನ್ನು ಮರಕ್ಕೆ ಬಿಗಿದು ಕಟ್ಟಬೇಡಿ ಎಂದೂ ಸೇರಿಸುತ್ತೇನೆ. ತೆಂಗು ಗಾಳಿಗೆ ತೂಗುತ್ತದೆ, ಬಿಗಿದರೆ ತಂತಿ ಹರಿಯುತ್ತದೆ. ಒಂದು ಬದಿಯಲ್ಲಿ ಸಣ್ಣ ಗಡಗಡೆ ಹಾಕಿ, ಹಗ್ಗದ ತುದಿಗೆ ನೀರು ತುಂಬಿದ ಬಾಟಲಿ ತೂಗಿಬಿಡಿ. ಇಳಿಸಿ ಏರಿಸುವುದಕ್ಕೂ ಅನುಕೂಲ.

ಇನ್ನು ಕೆಲವೇ ದಿನಕ್ಕೆ ಹಿಂಗಾರಿನ ಗುಡುಗು ಶುರುವಾಗುತ್ತದೆ. ಸಂಜೆ ಮೂಡಣದಲ್ಲಿ ಘಟ್ಟದ ಮೇಲೆ ಮೋಡ ಕಪ್ಪಾದರೆ ಕೋಆಕ್ಸ್ ಕಳಚಿ, ಕಳಚಿದ ತುದಿಯನ್ನು ಮನೆಯೊಳಗೆ ಇಡಬೇಡಿ, ಕಿಟಕಿಯ ಹೊರಗೆ ಹಾಕಿ. ಗುಡುಗು ಕೇಳಿದ ಮೇಲೆ ಅದನ್ನು ಮುಟ್ಟಲು ಹೋಗಬೇಡಿ. ನಾನು ಒಂದು ಅಕ್ಟೋಬರಿನಲ್ಲಿ ಹೀಗೆ ಒಂದು ಒಳ್ಳೆಯ ರಿಸೀವರ್ ಕಳೆದುಕೊಂಡಿದ್ದೇನೆ. ಸಿಡಿಲು ನಮ್ಮ ಮನೆಗೆ ಬಡಿದದ್ದೂ ಅಲ್ಲ, ಎರಡು ಗದ್ದೆ ಆಚೆ.

ಕಟಪಾಡಿ ವೈಂಡಿಂಗ್

ಬೋರ್ಡಿನ ಮೇಲೆ ಮಾತಾಡುವಾಗ 11.9 ವೋಲ್ಟ್, ಬ್ಯಾಟರಿಯ ತಪ್ಪಲ್ಲ. ಭಾನುವಾರ ಪೈಪಿಗೆ ಹದಿನೆಂಟು ಸುತ್ತು ಸುತ್ತಿದೆ. ಇಷ್ಟು ದಿನದಲ್ಲಿ ಕಣ್ಣು ಮುಚ್ಚಿ ಮಾಡ್ಲಿಕ್ಕೆ ಆದ ಕೆಲಸ ಅದೊಂದೇ. ಕೋಆಕ್ಸನ್ನು ನೇರ ಬಾವಿಕಟ್ಟೆಯ ಹತ್ತಿರ ಇಳಿಸಿ, ಅಲ್ಲಿಂದ ನೆಲದ ಮೇಲೆ ತಂದೆ. ಜಾಯಿಂಟಿಗೆ ಬೆಸುಗೆ, ಟ್ಯೂಬು, ಸಿಲಿಕಾನ್. ಮೈಕಿಗೆ ಕೆಪಾಸಿಟರ್.

ಡಿಸ್‌ಪ್ಲೇ ಈಗ ಅಲುಗಾಡುದಿಲ್ಲ.

ಇವತ್ತು ಬೆಳಿಗ್ಗೆ ಆರೂ ಮುಕ್ಕಾಲಿಗೆ ಅದೇ ಕಣ್ಣೂರಿನವರ ದನಿ ಕೇಳಿತು, ಯಾರೊಟ್ಟಿಗೋ ಮಾತಾಡ್ತಾ ಇದ್ದರು. ಅವರ ಮಾತು ಮುಗಿಯುವವರೆಗೆ ಕಾದು, ನನ್ನ ಕರೆ ಅಕ್ಷರ (ಲೈಸೆನ್ಸಿನ ಗುರುತು) ಹೇಳಿದೆ. ಗುರ್ತ ಹಿಡಿದರು. "ಓ, ಮೊನ್ನೆ ಅರ್ಧದಲ್ಲಿ ಹೋದವರಲ್ಲವಾ" ಅಂತ ಮಲಯಾಳದಲ್ಲೇ ಕೇಳಿದರು. 5 ಮತ್ತು 7 ಕೊಟ್ಟರು, ಅಂದರೆ ಮಾತು ಪೂರ್ತಿ ತಿಳೀತದೆ, ಸಿಗ್ನಲ್ಲೂ ಸಾಕಷ್ಟು ಗಟ್ಟಿ. ದನಿ ಸ್ವಚ್ಛ ಉಂಟು ಅಂದರು. ಎಂತ ಸೆಟ್ಟು ಅಂತ ಕೇಳಿದರು. ನಾನು ಸುತ್ತಿದ್ದು ಅಂದೆ. ಕಟ್ಟಿದ್ದು ಅನ್ಬೇಕಿತ್ತು, ಬಾಯಿಗೆ ಬಂದದ್ದು ಅದು. ಆಂಟೆನಾ ಎಲ್ಲಿ ಕಟ್ಟಿದ್ದೀರಿ ಅಂತ ಕೇಳಿದರು. ಎರಡು ತೆಂಗಿನ ಮರ, ಎಂಟು ಮೀಟರ್ ಎತ್ತರ, ಪಡುವಣ ಮರ ಸ್ವಲ್ಪ ಸಮುದ್ರದ ಕಡೆ ವಾಲಿದೆ ಅಂತ ಎಲ್ಲ ಹೇಳಿದೆ. ಹನ್ನೆರಡು ನಿಮಿಷ ಮಾತಾಡಿದೆವು. ವಂದನೆ ಸರಿಯಾಗಿ ಹೇಳಿ ಮುಗಿಸಿದೆ.

ಅಪ್ಪ ಜಗಲಿಯಲ್ಲಿ ಕೂತು ಕೇಳ್ತಾ ಇದ್ದರು. ಈಗ ಎಂಬತ್ತೊಂದು ವರ್ಷ, ಕಿವಿ ಮಂದ. ಒಳಗೆ ಬಂದು ಸ್ಪೀಕರಿನ ಮೇಲೆ ಕೈ ಇಟ್ಟರು, ಆಮೇಲೆ ಕಣ್ಣೂರಿನವರು ಎಂತ ಕೇಳಿದ್ದು ಅಂತ ನನ್ನನ್ನು ಕೇಳಿದರು. ಮರಕ್ಕೆ ಕಟ್ಟಿದ ತಂತಿಯ ವಿಷಯ ಅಂದೆ.

ಮುಂದೆ ಈ ಕಿಟ್ ಕಟ್ಟುವವರಿಗೆ ಬೇಕಾದೀತು ಅಂತ ನನ್ನ ಅಳತೆಗಳನ್ನು ಬರೆದಿಡ್ತೇನೆ: ಪ್ರಿಡ್ರೈವರ್ ಕಲೆಕ್ಟರಿನಲ್ಲಿ 1.3, ಡ್ರೈವರ್ ಟ್ರಾನ್ಸ್‌ಫಾರ್ಮರಿನ ಹೊರದಾರಿಯಲ್ಲಿ 100 ಓಮಿಗೆ 4.9, ಡಮ್ಮಿ ಲೋಡಿನಲ್ಲಿ 24, ಬಯಾಸ್ 100 ಮಿಲಿಆಂಪಿಯರ್. ಕುಂದಾಪ್ರದವರೆ, ಎರಡನೇ 510 ಹಾಗೇ ಉಳಿದಿದೆ, ಯಾರಿಗಾದರೂ ಬೇಕಾದರೆ ಹೇಳಿ, ಕಳಿಸ್ತೇನೆ. ಮಂಗಳವಾರ ಕಾಯಿ ಕೀಳುವವರು ಬರ್ತಾರೆ, ಅಷ್ಟರೊಳಗೆ ಗಡಗಡೆ ತಂದು ತಂತಿ ಇಳಿಸಿ ಇಡ್ಬೇಕು. 73 (ಹ್ಯಾಮ್‌ಗಳ ಮಾತಿನಲ್ಲಿ ಶುಭಾಶಯ).